ಹಳೇ ಕ್ಯಾಂಪರ್ ಟ್ರೇಲರ್ ಕೊಳ್ಳುವವರಿಗೆ: ಬಣ್ಣ ಆಮೇಲೆ, ಮೊದಲು ಮೂಲೆ ನೋಡಿ

ಅಮೆರಿಕದ ಹಳ್ಳಿ ರಸ್ತೆಯಲ್ಲಿ ಹೋಗುವಾಗ ಯಾರದೋ ಮನೆಯ ಹಿತ್ತಲಲ್ಲಿ, ಮೊಣಕಾಲೆತ್ತರದ ಹುಲ್ಲಿನ ನಡುವೆ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಹಳೇ ಟ್ರೇಲರ್ ಒಂದು ‘ಮಾರಾಟಕ್ಕಿದೆ’ ಎಂಬ ರಟ್ಟು ಕಟ್ಟಿಕೊಂಡು ನಿಂತಿರುತ್ತದೆ. ದುಂಡು ಬೆನ್ನು, ಪಕ್ಕದಲ್ಲೊಂದು ಹಸಿರು ಪಟ್ಟಿ, ಹಿಂದುಗಡೆ ತಗಡಿನ ಎರಡು ರೆಕ್ಕೆ. ಇಣುಕಿದರೆ ಜೇನು ಬಣ್ಣದ ಬರ್ಚ್ ಪ್ಲೈವುಡ್ಡಿನ ಗೋಡೆ, ಮಕ್ಕಳಾಟದ ಸಾಮಾನಿನಂಥ ಒಲೆ, ಇಳಿಸಿದರೆ ಹಾಸಿಗೆಯಾಗುವ ಮೇಜು. ಮನಸ್ಸು ಅಲ್ಲೇ ಸೋತುಹೋಗುತ್ತದೆ. ಸೋಲಲಿ, ತಪ್ಪಿಲ್ಲ. ಪ್ರೀತಿಯಿಲ್ಲದವರು ಅರವತ್ತು ವರ್ಷದ ಟ್ರೇಲರ್ ಕೊಳ್ಳಲೇಬಾರದು. ಅದು ಕೇಳುವ ಚಾಕರಿ ಅವರಿಂದ ಆಗುವುದಿಲ್ಲ. ಆದರೆ ಬಣ್ಣ, ರೆಕ್ಕೆ, ಒಲೆಯ ಜೊತೆಗೆ ಅರವತ್ತು ವರ್ಷದ ಮಳೆಯನ್ನೂ ನೀವು ಕೊಳ್ಳುತ್ತಿದ್ದೀರಿ. ಆ ನೀರು ಎಲ್ಲೆಲ್ಲಿ ಒಳಗಿಳಿದಿದೆ ಎಂದು ಪತ್ತೆ ಹಚ್ಚುವುದೇ ಈ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಕೆಲಸ.

ಮೂರು ಜಾತಿ, ಮೂರು ಕಾಯಿಲೆ

ಹೆಸರು ನೂರಿದ್ದರೂ ಕಟ್ಟಿದ ರೀತಿ ಮುಖ್ಯವಾಗಿ ಮೂರೇ. ಯಾವ ಜಾತಿ ಎಂದು ಗೊತ್ತಾದರೆ ಕಾಯಿಲೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾದಂತೆ.

ಮೊದಲನೆಯದು ಮರದ ಹಂದರದ್ದು. ಮಾಂಸದ ಡಬ್ಬಿಯನ್ನು ಅಡ್ಡ ಮಲಗಿಸಿದಂತೆ ಕಾಣುವುದರಿಂದ ಅಲ್ಲಿ ಇದಕ್ಕೆ ‘ಕ್ಯಾನ್ಡ್ ಹ್ಯಾಮ್’ ಎಂದೇ ಹೆಸರು. ರೆಕ್ಕೆಯ ಶಾಸ್ತಾ, ಪೆನ್ಸಿಲ್ವೇನಿಯಾದ ಸೆರೋ ಸ್ಕಾಟಿ ಈ ಪೈಕಿ. ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲದ ಪೈನ್ ಪಟ್ಟಿಗಳೇ ಇದರ ಎಲುಬು. ಒಳಗೆ ಎಂಟನೇ ಒಂದು ಇಂಚಿನ ಪ್ಲೈವುಡ್, ನಡುವೆ ಗಾಜಿನ ಉಣ್ಣೆ, ಹೊರಗೆ ಕಾಗದದಂಥ ಅಲ್ಯೂಮಿನಿಯಂ ತಗಡು. ಪಕ್ಕದ ತಗಡೂ ಮೇಲಿನ ತಗಡೂ ಸೇರುವ ಅಂಚಿನ ಮೇಲೆ ಒಂದು ಲೋಹದ ಪಟ್ಟಿ, ಪಟ್ಟಿಯಡಿ ಮೇಣದಂಥ ಪುಟ್ಟಿ, ಅದರ ಮೂಲಕ ಸಾಲು ಸ್ಕ್ರೂ. ಪುಟ್ಟಿ ಒಣಗಿ ಬಿರಿದ ದಿನದಿಂದ ಪ್ರತಿಯೊಂದು ಸ್ಕ್ರೂ ತೂತೂ ನೀರಿಗೆ ದಾರಿ. ಒಳಗಿನ ಪೈನ್ ಲಡ್ಡಾಗುತ್ತದೆ, ತಗಡು ಮಾತ್ರ ಹೊರಗೆ ಹೊಳೆಯುತ್ತಲೇ ಇರುತ್ತದೆ. ಕೆಟ್ಟರೂ ರಿಪೇರಿಗೆ ಬಗ್ಗುವ ಜಾತಿ ಇದೇ: ಬಡಗಿ ಕೆಲಸ ಬಲ್ಲವರು ತಗಡು ಬಿಚ್ಚಿ, ಎಲುಬು ಬದಲಿಸಿ, ಅದೇ ತಗಡನ್ನು ಮತ್ತೆ ಹೊದಿಸಬಹುದು.

ಎರಡನೆಯದು ವಿಮಾನದ ಕಟ್ಟಡದ್ದು. ಇಲ್ಲಿ ಏರ್‌ಸ್ಟ್ರೀಮ್ ಅರಸ. ಕಂಪನಿ ಕಟ್ಟಿದ ವಾಲಿ ಬಯಾಮ್ 1936ರಲ್ಲಿ ‘ಕ್ಲಿಪ್ಪರ್’ ಮಾದರಿ ತಂದರು. ಓಹಾಯೋದ ಜಾಕ್ಸನ್ ಸೆಂಟರ್‌ನಲ್ಲಿ 1952ರಿಂದ ಕಾರ್ಖಾನೆ ನಡೆಯುತ್ತಿದೆ. ಎಲ್ಲರೂ ಆಸೆಪಡುವ 16 ಅಡಿಯ ‘ಬ್ಯಾಂಬಿ’ ಬಂದದ್ದು 1961ರಲ್ಲಿ. ವಿಮಾನದ ಕಂಪನಿಯೇ ಕಟ್ಟಿದ ಸ್ಪಾರ್ಟನ್ ಕೂಡ ಇದೇ ಬಗೆ. ಏರ್‌ಸ್ಟ್ರೀಮ್‌ನಲ್ಲಿ ಒಳಗೊಂದು ಹೊರಗೊಂದು ಅಲ್ಯೂಮಿನಿಯಂ ಚಿಪ್ಪು, ನಡುವೆ ಅಲ್ಯೂಮಿನಿಯಂ ಎಲುಬು. ‘ಮರ ಇಲ್ಲ, ಹಾಗಾಗಿ ಕೊಳೆಯುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ನೆಲ ಪ್ಲೈವುಡ್ಡಿನದು ಎನ್ನುವುದನ್ನು ಹೇಳುವುದಿಲ್ಲ. ಚಿಪ್ಪಿನ ಬುಡ ಆ ಪ್ಲೈವುಡ್ಡನ್ನು ಹಾದುಹೋಗುವ ಬೋಲ್ಟುಗಳಿಂದ ಕೆಳಗಿನ ಉಕ್ಕಿನ ಚಾಸಿಗೆ ಬಿಗಿದಿರುತ್ತದೆ. ಹಿಂಬದಿಯ ನೆಲ ಕೊಳೆತರೆ ಬೋಲ್ಟು ಹಿಡಿತ ಬಿಡುತ್ತದೆ, ಚಿಪ್ಪು ಒಂದು ಕಡೆ, ಚಾಸಿ ಇನ್ನೊಂದು ಕಡೆ. ಹಿಂದುಗಡೆ ಬಚ್ಚಲಿರುವ ಉದ್ದನೆಯ ಮಾದರಿಗಳಲ್ಲಿ ಇದನ್ನು ಮರೆಯದೆ ನೋಡಬೇಕು. ಪರೀಕ್ಷೆ ಸುಲಭ: ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಮೆಲ್ಲಗೆ ಕುಣಿಯಲಿ, ಇನ್ನೊಬ್ಬರು ಕೂತು ಬಂಪರ್ ಮತ್ತು ಚಿಪ್ಪಿನ ನಡುವಿನ ಸಂದಿ ನೋಡಲಿ. ಎರಡೂ ಒಟ್ಟಿಗೆ ಮೇಲೆ ಕೆಳಗೆ ಆದರೆ ಸರಿ. ಬಂಪರ್ ಮಾತ್ರ ಕುಣಿದು ಚಿಪ್ಪು ಸುಮ್ಮನಿದ್ದರೆ ಹಿಂಬದಿಯ ನೆಲವನ್ನೇ ಕಿತ್ತು ಹಾಕಬೇಕು ಎಂದರ್ಥ.

ಮೂರನೆಯದು ಫೈಬರ್‌ಗ್ಲಾಸ್ ಮೊಟ್ಟೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್, ಮಿನ್ನೆಸೋಟದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ. ಮೇಲೊಂದು ಕೆಳಗೊಂದು ಬೋಗುಣಿ, ನಡುವೆ ಒಂದೇ ಹೊಲಿಗೆ. ಸೋರುವ ಜಾಗ ಕಮ್ಮಿ: ಕಿಟಕಿ, ಚಾವಣಿಯ ಗವಾಕ್ಷಿ, ರಿವೆಟ್ ತೂತು, ಅಷ್ಟೇ. ನೀರಿನ ಭಯ ಕಡಿಮೆ ಇರುವುದರಿಂದಲೇ ಅಡಿಗೆ ಇಷ್ಟೆಂದು ಲೆಕ್ಕ ಹಾಕಿದರೆ ಬೆಲೆ ಜಾಸ್ತಿ. ಹಳೇ ಬೋಲರ್‌ಗಳಲ್ಲಿ ನೋಡಬೇಕಾದ್ದು ಚಾಸಿ. ಮುಂದಿನ ಮೂಕಿ ಬಾಗಿ ಚಾಸಿಗೆ ಸೇರುವ ಜಾಗದಲ್ಲಿ ಉಕ್ಕು ಕೂದಲೆಳೆಯಂತೆ ಬಿರಿಯುತ್ತದೆ. ತಂತಿ ಬ್ರಶ್ಶಿನಿಂದ ತಿಕ್ಕಿ ನೋಡದಿದ್ದರೆ ಕಾಣುವುದಿಲ್ಲ.

ಮೊದಲ ಸಲ ಕೊಳ್ಳುವವರು ಮರಗೆಲಸ ಗೊತ್ತಿದ್ದರೆ ಶಾಸ್ತಾದಂಥದು, ಗೊತ್ತಿಲ್ಲದಿದ್ದರೆ ಫೈಬರ್‌ಗ್ಲಾಸ್ ಹುಡುಕುವುದು ಲೇಸು. ಏರ್‌ಸ್ಟ್ರೀಮ್ ಮೊದಲ ಟ್ರೇಲರ್ ಆಗಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ, ಎಷ್ಟೇ ಜನ ಬೈದರೂ.

ಟ್ರೇಲರ್ ನೋಡುವ ಮೊದಲು ಕಾರಿನ ಬಾಗಿಲು ತೆಗೆಯಿರಿ

ಅಮೆರಿಕದ ಕನ್ನಡಿಗರ ಮನೆ ಮುಂದೆ ಸಾಮಾನ್ಯವಾಗಿ ನಿಂತಿರುವುದು ಹೊಂಡಾ ಒಡಿಸ್ಸಿ ಅಥವಾ ಟೊಯೋಟಾ ಸಿಯೆನಾ. ಎರಡರ ಎಳೆಯುವ ಮಿತಿಯೂ ಸಾಮಾನ್ಯವಾಗಿ 3,500 ಪೌಂಡ್. ಹಾಗಾದರೆ 2,200 ಪೌಂಡ್‌ನ ಟ್ರೇಲರ್ ಸಲೀಸು ಎನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 20 ಗ್ಯಾಲನ್ ನೀರು 166 ಪೌಂಡ್. ತುಂಬಿದ ಎರಡು ಚಿಕ್ಕ ಪ್ರೊಪೇನ್ ಸಿಲಿಂಡರ್ 75. ಬ್ಯಾಟರಿ 45. ಪಾತ್ರೆ, ಹಾಸಿಗೆ, ಅಕ್ಕಿ ಬೇಳೆ, ಕುರ್ಚಿ, ಸೈಕಲ್ಲು ಸೇರಿ 400. ಒಟ್ಟು 2,900ರ ಹತ್ತಿರ. ಅಲ್ಲಿಗೂ ಮಿತಿಯ ಒಳಗೇ ಇದ್ದೀರಿ.

ಸಿಕ್ಕಿಬೀಳುವುದು ಬೇರೆ ಕಡೆ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಚೀಟಿ ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಉದಾಹರಣೆಗೆ ಅದು 1,200 ಅಂತಿರಲಿ. ಟ್ರೇಲರ್‌ನ ಮೂತಿ ಕಾರಿನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ ಕೂತಾಗ ಬೀಳುವ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ ಅನ್ನಿ: ನಾಲ್ವರು ದೊಡ್ಡವರು 600, ಇಬ್ಬರು ಮಕ್ಕಳು 120, ಕಾರಿನೊಳಗಿನ ಚೀಲಗಳು 100, ಹಿಚ್‌ನ ಕಬ್ಬಿಣ 40, ಮೂತಿಯ ಭಾರ 350. ಒಟ್ಟು 1,210. ಮಿತಿ ದಾಟಿತು, ಇನ್ನೂ ಗೇಟು ದಾಟಿಲ್ಲ. ‘ಅಜ್ಜಿ ಟ್ರೇಲರ್ ಒಳಗೇ ಮಲಗಿಕೊಂಡು ಬರಲಿ’ ಎಂಬ ಉಪಾಯ ಬೇಡ. ಕಾರಿನ ಹಿಂದೆ ಎಳೆಯುವ ಇಂಥ ಟ್ರೇಲರ್‌ನಲ್ಲಿ ಜನ ಕೂರುವುದನ್ನು ಕ್ಯಾಲಿಫೋರ್ನಿಯಾ ಕಾನೂನು ನಿಷೇಧಿಸಿದೆ, ಕಾನೂನು ಇಲ್ಲದ ಕಡೆಯೂ ಅದು ಅಪಾಯವೇ.

ಮೂತಿಯ ಭಾರ ಕಡಿಮೆ ಮಾಡಿ ಬಚಾವಾಗೋಣ ಎಂದರೆ ಅದೂ ಆಗದು. ಎತ್ತಿನ ಗಾಡಿ ಹೇರಿದವರಿಗೆ ಇದು ಹೇಳಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರ್ ಹಿಂಭಾರವಾದರೆ 55-60 ಮೈಲಿ ವೇಗದಲ್ಲಿ ಬಾಲ ಬೀಸಲು ಶುರುಮಾಡಿ ಕಾರನ್ನೇ ತಿರುಗಿಸಿಬಿಡುತ್ತದೆ. ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯ ಮೇಲಿರಲೇಬೇಕು. ಮನೆಯ ತೂಕದ ಯಂತ್ರದಲ್ಲೇ ಅಳೆಯಬಹುದು. ಒಂದು ಕಡೆ ಇಟ್ಟಿಗೆ, 3 ಅಡಿ ಆಚೆ ಯಂತ್ರ, ಎರಡೂ ಒಂದೇ ಎತ್ತರಕ್ಕೆ. ಮೇಲೆ ಗಟ್ಟಿ ತೊಲೆ ಇಟ್ಟು, ತೊಲೆಯ ತೂಕ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಟ್ರೇಲರ್‌ನ ಮೂತಿ ಇಳಿಸಿ. ಹೆಚ್ಚಾದ ತೂಕವನ್ನು 3ರಿಂದ ಗುಣಿಸಿದರೆ ಮೂತಿಯ ಭಾರ.

ಫೋನಿನಲ್ಲಿ ಕೇಳಬೇಕಾದ್ದು

ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, 1919ರಲ್ಲಿ ಶುರುವಾದ ‘ಟಿನ್ ಕ್ಯಾನ್ ಟೂರಿಸ್ಟ್ಸ್’ನಂಥ ಹವ್ಯಾಸಿ ಸಂಘಗಳು, ಇಲ್ಲೆಲ್ಲ ಮಾಲು ಸಿಗುತ್ತದೆ. ನಾಲ್ಕು ಗಂಟೆ ಕಾರು ಓಡಿಸುವ ಮೊದಲು ಹತ್ತು ನಿಮಿಷ ಮಾತಾಡಿ. ‘ಸೋರುತ್ತದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದೇ ಉತ್ತರ. ‘ಎಲ್ಲೆಲ್ಲಿ ಸೋರುತ್ತಿತ್ತು, ಏನು ಮಾಡಿದಿರಿ’ ಎಂದು ಕೇಳಿ, ಹೇಳದೆ ವಿಧಿಯಿಲ್ಲ. ಶೆಡ್ಡಿನೊಳಗಿತ್ತೋ ಮರದಡಿ ಇತ್ತೋ, ಕೊನೆಗೆ ರಸ್ತೆಗಿಳಿದದ್ದು ಯಾವಾಗ, ಟೈಟಲ್ (ಮಾಲೀಕತ್ವದ ಪತ್ರ) ಕೈಯಲ್ಲಿದೆಯೋ, ಯಾರ ಹೆಸರಲ್ಲಿದೆ, ಇಷ್ಟು ಸಾಕು. ಬೆಂಚಿನ ಕೆಳಗಿನ ಮೂಲೆಗಳ, ಬೀರುವಿನೊಳಗಿನ ಫೋಟೋ ಕಳಿಸಿ ಅನ್ನಿ. ಕಳಿಸಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಡಿ.

ಉದ್ದದ ವಿಷಯದಲ್ಲೂ ಎಚ್ಚರ. ಜಾಹೀರಾತಿನ ಅಳತೆ ಸಾಮಾನ್ಯವಾಗಿ ಮುಂದಿನ ಮೂತಿ ಸೇರಿಸಿಯೇ ಹೇಳುವುದು. 13 ಅಡಿಯ ಬೋಲರ್ ಅಂದರೆ ಒಳಗೆ 10 ಅಡಿಯ ಆಸುಪಾಸು. ಇಷ್ಟರಲ್ಲಿ ಸಂಸಾರ ಹಿಡಿಯುತ್ತದೆಯೇ ಎಂಬ ಅನುಮಾನವಿದ್ದರೆ, ಹಳೇ ಟ್ರೇಲರ್‌ಗಳನ್ನೇ ಕೋಣೆಗಳಾಗಿ ಬಾಡಿಗೆಗೆ ಕೊಡುವ ಕಡೆ ಒಂದು ರಾತ್ರಿ ಇದ್ದು ನೋಡಿ. ಅರಿಜೋನಾದ ಬಿಸ್ಬಿ ಊರಿನ ಶೇಡಿ ಡೆಲ್ ಇದಕ್ಕೆ ಹೆಸರಾದ ಜಾಗ. ಹಾಸಿಗೆಯ ಉದ್ದ, ತಲೆ ತಾಗುವ ಚಾವಣಿ, ಇಬ್ಬರು ಎದುರುಬದುರಾದರೆ ಒಬ್ಬರು ಕೂರಲೇಬೇಕಾದ ಇಕ್ಕಟ್ಟು, ಎಲ್ಲ ಒಂದೇ ರಾತ್ರಿಗೆ ಅರ್ಥವಾಗುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮನೆಮಂದಿಯೆಲ್ಲ ಹೊರಗೋಡಬೇಕು ಎನ್ನುವುದೂ.

ದಬ್ಬಳ, ದೀಪ ಮತ್ತು ಒಂದು ಏಣಿ

ಮಳೆ ಬಂದ ಮರುದಿನ ಹೋಗುವುದು ಉತ್ತಮ. ಜೊತೆಗಿರಬೇಕಾದ ಸಾಮಾನು: ಗೋಣಿ ಹೊಲಿಯುವ ದಬ್ಬಳ ಅಥವಾ ಸಣ್ಣ ಸ್ಕ್ರೂಡ್ರೈವರ್, ತಲೆಗೆ ಕಟ್ಟುವ ದೀಪ, 6 ಅಡಿ ಏಣಿ, ಟೇಪು, ಕೆಳಗೆ ಮಲಗಲು ರಟ್ಟು, ಎರಡು ಮುಳ್ಳಿನ ತೇವಮಾಪಕ, ಕರೆಂಟ್ ಟೆಸ್ಟರ್. ತೇವಮಾಪಕ ಮುಳ್ಳಿನದೇ ಇರಲಿ. ಗೋಡೆಗೆ ಒತ್ತಿ ಹಿಡಿಯುವ ಬಗೆಯದು ಹಿಂದಿನ ಅಲ್ಯೂಮಿನಿಯಂ ತಗಡನ್ನೇ ನೀರೆಂದು ತಿಳಿಯುತ್ತದೆ. ಒಣ ಮರ 8ರಿಂದ 12 ಶೇಕಡಾ ತೋರಿಸುತ್ತದೆ. 20 ದಾಟಿದರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ.

ಹೋದ ತಕ್ಷಣ ಕಿಟಕಿ ಬಾಗಿಲು ಹಾಕಿಸಿ, ಐದು ನಿಮಿಷ ಬಿಟ್ಟು ಒಳಗೆ ಹೋಗಿ ಮೂಗಿನಲ್ಲಿ ನೋಡಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ಹಸಿ ಇದೆ. ಗಮಗಮ ಸುವಾಸನೆ ಬಂದರೆ ಇನ್ನೂ ಹೆಚ್ಚು ಹುಷಾರಾಗಿ.

ಆಮೇಲೆ ಹಿಂಬದಿಯ ಬೆಂಚಿನ ಹಲಗೆ ಎತ್ತಿ. ಹಾಸಿಗೆ ಬಟ್ಟೆ, ಹಳೇ ಹಗ್ಗ ಎಲ್ಲ ಸರಿಸಿ ಮೂಲೆಗೆ ದೀಪ ಬಿಡಿ. ಪಕ್ಕದ ಗೋಡೆ, ಹಿಂದಿನ ಗೋಡೆ, ನೆಲ, ಮೂರೂ ಕೂಡುವ ಆ ಮುಷ್ಟಿಯಷ್ಟು ಜಾಗ ಇಡೀ ಟ್ರೇಲರ್‌ನ ಜಾತಕ. ಚಹಾ ಚೆಲ್ಲಿದಂಥ ಕಂದು ಕಲೆ, ಅದರ ಅಂಚಿನಲ್ಲಿ ಕಪ್ಪು ಗೆರೆ, ಪದರ ಬಿಟ್ಟು ಉಬ್ಬಿದ ಪ್ಲೈವುಡ್ ಕಾಣುತ್ತದೆಯೇ? ದಬ್ಬಳದ ಮೊನೆಯನ್ನು ನೆಲಪಟ್ಟಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಮರವಾದರೆ ಟಕ್ಕೆಂದು ಅಲ್ಲೇ ನಿಲ್ಲುತ್ತದೆ. ಲಡ್ಡಾಗಿದ್ದರೆ ಚಹಾದಲ್ಲಿ ನೆನೆದ ರಸ್ಕಿಗೆ ಚಮಚ ಇಳಿದ ಹಾಗೆ ಸದ್ದಿಲ್ಲದೆ ಇಳಿಯುತ್ತದೆ, ತೆಗೆದಾಗ ಮೊನೆಗೆ ಕಾಫಿ ಪುಡಿಯಂಥದು ಅಂಟಿರುತ್ತದೆ. ಮಾಲೀಕರ ಒಪ್ಪಿಗೆ ಪಡೆದೇ ಚುಚ್ಚಿ; ಕಾಣದ ಜಾಗದಲ್ಲಿ ಒಂದು ಸೂಜಿ ತೂತಿಗೆ ಯಾರೂ ಬೇಡವೆನ್ನುವುದಿಲ್ಲ, ಬೇಡ ಎಂದರೆ ಅದೇ ಉತ್ತರ. ನಾಲ್ಕೂ ಮೂಲೆ, ಬಾಗಿಲ ಹೊಸ್ತಿಲು, ಚಕ್ರದ ಗುಮ್ಮಟದ ಸುತ್ತ, ಪ್ರತಿ ಕಿಟಕಿಯ ಕೆಳಗಿನ ಎರಡು ತುದಿ, ಚಾವಣಿಯ ಗವಾಕ್ಷಿಯ ನಾಲ್ಕು ಬದಿ, ಹೀಗೆ ಸುತ್ತು ಬನ್ನಿ.

ಕಲೆ ಇದ್ದ ಜಾಗದ ನೇರ ಮೇಲೆ ತೂತು ಇರಬೇಕೆಂದಿಲ್ಲ. ಮಲೆನಾಡಿನ ಹಂಚಿನ ಮನೆಯಲ್ಲಿ ಹಂಚು ಒಡೆದದ್ದು ಒಂದು ಕಡೆ, ನೀರು ರೀಪಿನ ಗುಂಟ ಹರಿದು ಅನ್ನದ ತಟ್ಟೆಗೆ ತೊಟ್ಟಿಕ್ಕುವುದು ಇನ್ನೊಂದು ಕಡೆ. ಇಲ್ಲೂ ಹಾಗೇ, ಮುಂದಿನ ದೀಪದ ತೂತಿನಿಂದ ಹೊಕ್ಕ ನೀರು ಎಲುಬು ಹಿಡಿದು ನಾಲ್ಕಡಿ ಕೆಳಗೆ ಬಂದು ಕಲೆ ಮಾಡಿರುತ್ತದೆ. ಏಣಿ ಹತ್ತಿ ಚಾವಣಿ ನೋಡುವುದು ಅದಕ್ಕೇ. ಚಾವಣಿ ಮೇಲೆ ಕಾಲಿಡಬೇಡಿ, ತಗಡು ತಗ್ಗಾಗಿ ನೀರು ನಿಲ್ಲುತ್ತದೆ. ಅಂಚಿನುದ್ದಕ್ಕೂ ಯಾರೋ ಸಿಲಿಕೋನ್ ಬಳಿದಿದ್ದರೆ ಅದು ರಿಪೇರಿಯಲ್ಲ, ಹೊಸ ಕೆಲಸ. ಸಿಲಿಕೋನ್ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ. ಪೂರ್ತಿ ಕೆರೆದು ತೆಗೆಯಬೇಕು.

ಒಂದು ಮಾತು ‘ಹೊಸದಾಗಿ ನವೀಕರಿಸಿದ’ ಟ್ರೇಲರ್‌ಗಳ ಬಗ್ಗೆ. ಒಳಗೆಲ್ಲ ಬಿಳಿ ಬಣ್ಣ, ಹೂವಿನ ಪರದೆ, ಮಿಣುಕು ದೀಪ, ಅಂಟಿಸುವ ಟೈಲ್. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಬಿಳಿ ಬಣ್ಣ ನೀರಿನ ಕಲೆ ಮುಚ್ಚುತ್ತದೆ, ಹೊಸ ಪ್ಲೈವುಡ್ ಹಳೇ ಕೊಳೆತದ ಮೇಲೇ ಕೂರುತ್ತದೆ. ‘ತಗಡು ಬಿಚ್ಚಿದಾಗಿನ ಫೋಟೋ ತೋರಿಸಿ’ ಎನ್ನಿ. ನಿಜವಾಗಿ ಕೆಲಸ ಮಾಡಿದವರ ಬಳಿ ಇಂಥ ಫೋಟೋ ನೂರಾರು ಇರುತ್ತವೆ, ತೋರಿಸುವುದೇ ಅವರಿಗೆ ಖುಷಿ. ಇಲ್ಲವೆಂದರೆ ಬಣ್ಣ ಬಳಿಯದ, ಕೊಳಕಾದ, ಕಲೆ ಕಾಣುವ ಟ್ರೇಲರ್‌ಗೆ ಇದಕ್ಕಿಂತ ಹೆಚ್ಚು ಬೆಲೆ ಕೊಡಬಹುದು.

ಕೆಳಗೆ ಮಲಗಿ ನೋಡುವುದು

ರಟ್ಟು ಹಾಸಿ ಕೆಳಗೆ ನುಸುಳಿ. ಮೇಲುಮೇಲಿನ ಕೆಂಪು ತುಕ್ಕು ಸಹಜ. ಚಕ್ಕೆಚಕ್ಕೆಯಾಗಿ ಏಳುವ ತುಕ್ಕು, ವಕ್ರವಾಗಿ ಹಾಕಿದ ಹೊಸ ವೆಲ್ಡಿಂಗ್, ಸ್ಪ್ರಿಂಗ್ ಪಟ್ಟಿಯ ಬಿರುಕು, ಇವು ಸಹಜವಲ್ಲ. 1961ರ ನಂತರದ ಏರ್‌ಸ್ಟ್ರೀಮ್‌ಗಳಲ್ಲಿ ಪಟ್ಟಿ ಸ್ಪ್ರಿಂಗ್ ಬದಲು ಆಕ್ಸಲ್ ಕೊಳವೆಯೊಳಗೆ ರಬ್ಬರ್ ಸರಳು. ರಬ್ಬರಿಗೂ ವಯಸ್ಸಾಗುತ್ತದೆ. ಚಕ್ರ ಹಿಡಿದ ತೋಳು ಆಕ್ಸಲ್‌ನಿಂದ ಹಿಂದಕ್ಕೆ ಹೋಗುವಾಗ ನೆಲದ ಕಡೆ ಇಳಿಜಾರಾಗಿದ್ದರೆ ಜೀವವಿದೆ. ಮಟ್ಟಸವಾಗಿದ್ದರೆ ಅಥವಾ ಮೇಲ್ಮುಖವಾಗಿದ್ದರೆ ಸತ್ತಿದೆ. ಆಕ್ಸಲ್ ಪೂರ್ತಿ ಬದಲಿಸಬೇಕು, ಇಲ್ಲದಿದ್ದರೆ ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ನೇರ ಚಿಪ್ಪಿನ ರಿವೆಟ್‌ಗಳಿಗೆ.

ಟೈರಿನ ಮೇಲೆ ದಪ್ಪ ರಬ್ಬರ್ ಇದ್ದ ಮಾತ್ರಕ್ಕೆ ನಂಬಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಹೊಸದರಂತೆ ಕಂಡರೂ ಬದಲಿಸಿ. ನಿಂತಲ್ಲೇ ನಿಂತ ಟೈರು ಒಳಗಿನಿಂದ ಕೆಡುತ್ತದೆ, ಹೈವೇಯಲ್ಲಿ ಸಿಡಿದರೆ ಚಕ್ರದ ಗುಮ್ಮಟವನ್ನೂ ಪಕ್ಕದ ತಗಡನ್ನೂ ಹರಿದು ಹಾಕುತ್ತದೆ.

ಬ್ರೇಕ್ ಬಗ್ಗೆ ರಾಜ್ಯಕ್ಕೊಂದು ಕಾನೂನು. ಎಷ್ಟೋ ಕಡೆ 3,000 ಪೌಂಡ್ ಮೇಲೆ ಕಡ್ಡಾಯ; ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್ ಟ್ರೇಲರ್‌ಗೆ 1,500 ಪೌಂಡ್‌ಗೇ ಕಡ್ಡಾಯ. ಟ್ರೇಲರ್‌ನಲ್ಲಿ ಕರೆಂಟ್ ಬ್ರೇಕ್ ಇದ್ದರೆ ಸಾಲದು, ನಿಮ್ಮ ಕಾರಿನಲ್ಲಿ ಅದನ್ನು ನಡೆಸುವ ಬ್ರೇಕ್ ಕಂಟ್ರೋಲರ್ ಕೂಡ ಬೇಕು.

ಕರೆಂಟು, ಗ್ಯಾಸು, ನೀರು

ಹಳೇ ಟ್ರೇಲರ್‌ನಲ್ಲಿ ಎರಡು ಕರೆಂಟ್ ಇರುತ್ತದೆ: ಬ್ಯಾಟರಿಯ 12 ವೋಲ್ಟ್, ಕ್ಯಾಂಪ್ ಮೈದಾನದ 120 ವೋಲ್ಟ್. ಗೊಂದಲ ಬಣ್ಣದಲ್ಲಿದೆ. 120ರ ಸಾಲಿನಲ್ಲಿ ಕಪ್ಪು ತಂತಿ ಜೀವಂತ, ಬಿಳಿ ನ್ಯೂಟ್ರಲ್. 12ರ ಸಾಲಿನಲ್ಲಿ ಕಪ್ಪು ತಂತಿ ಪಾಸಿಟಿವ್, ಬಿಳಿ ನೆಗೆಟಿವ್. ಕಾರಿನ ಕೆಲಸ ಮಾಡಿದವರು ಕಪ್ಪು ಎಂದರೆ ನೆಗೆಟಿವ್ ಎಂದುಕೊಂಡು ತಪ್ಪು ಜೋಡಿಸಿರುತ್ತಾರೆ. 1950ರ ದಶಕದ ಟ್ರೇಲರ್‌ಗಳಲ್ಲಿ ಎರಡೇ ತೂತಿನ, ಅರ್ಥಿಂಗ್ ಇಲ್ಲದ ಸಾಕೆಟ್ ಸಾಮಾನ್ಯ. ಪ್ಲಗ್ ಹಾಕಿಸಿ, ಟ್ರೇಲರ್ ಮುಟ್ಟುವ ಮೊದಲು ಟೆಸ್ಟರನ್ನು ಹೊರ ತಗಡಿನ ಹತ್ತಿರ ಹಿಡಿಯಿರಿ. ಕಿರುಗುಟ್ಟಿದರೆ ತಗಡಿನಲ್ಲೇ ಕರೆಂಟಿದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರ ಗತಿ ಯೋಚಿಸಿ. ಇಂಥದಕ್ಕೆ ವೈರಿಂಗ್ ಪೂರ್ತಿ ಹೊಸದು ಎಂದೇ ಖರ್ಚು ಬರೆದುಕೊಳ್ಳಬೇಕು.

ಗ್ಯಾಸಿನದು ನಿಯಮ ಒಂದೇ: ತಾಮ್ರದ ಕೊಳವೆ, ರೆಗ್ಯುಲೇಟರ್, ರಬ್ಬರ್ ಪೈಪು ಎಲ್ಲ ಕೆಟ್ಟಿವೆ ಎಂದು ತಿಳಿದೇ ಶುರುಮಾಡಿ. ಸಿಲಿಂಡರಿನ ತಿರುಗಣೆ ತ್ರಿಕೋನದಂತೆ ಇರದಿದ್ದರೆ ಅದು ಹಳೇ ವಾಲ್ವು, 2002ರಿಂದೀಚೆಗೆ ಅಂಥ ಚಿಕ್ಕ ಸಿಲಿಂಡರ್ ತುಂಬಿಸಿಕೊಡುವುದಿಲ್ಲ. ಸೋಪಿನ ನೊರೆ ಪ್ರತಿ ಕೂಡಿಕೆಗೂ ಹಚ್ಚಿ, ಗುಳ್ಳೆ ಎದ್ದರೆ ಸಿಲಿಂಡರಿನ ತಿರುಗಣೆ ಮುಚ್ಚಿಬಿಡಿ. ಫ್ರಿಜ್ ಗ್ಯಾಸಿನದಾದರೆ ಹಿಂದಿನ ದಿನವೇ ಹಚ್ಚಿಡಲು ಹೇಳಿ. ಅದು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಟ್ರೇಲರ್ ಮಟ್ಟಸ ನಿಂತಿರಲೂ ಬೇಕು. ಹಿಂಬದಿಯಲ್ಲಿ ಹಳದಿ ಪುಡಿ, ಅಮೋನಿಯಾ ಘಾಟು ಇದ್ದರೆ ಫ್ರಿಜ್ ಮುಗಿಯಿತು. 1933ರಿಂದ 1957ರ ನಡುವಿನ ಸರ್ವೆಲ್ ಗ್ಯಾಸ್ ಫ್ರಿಜ್ ಕಂಡರೆ ನೋಡಿ ಸಂತೋಷಪಡಿ, ಹಚ್ಚಬೇಡಿ. ಅವುಗಳಿಂದ ಕಾರ್ಬನ್ ಮೊನಾಕ್ಸೈಡ್ ಸಾವುಗಳಾಗಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಕೆ ಕೊಟ್ಟಿದೆ. ಕೊಂಡ ಮೇಲೆ ಮೊದಲ ಖರ್ಚು ಕಾರ್ಬನ್ ಮೊನಾಕ್ಸೈಡ್ ಅಲಾರ್ಮು, ಗ್ಯಾಸ್ ಅಲಾರ್ಮು, ಬಾಗಿಲ ಪಕ್ಕ ಬೆಂಕಿ ಆರಿಸುವ ಸಿಲಿಂಡರ್. ಪ್ರೊಪೇನ್ ಗಾಳಿಗಿಂತ ಭಾರ, ಆದ್ದರಿಂದ ಗ್ಯಾಸ್ ಅಲಾರ್ಮು ನೆಲದ ಹತ್ತಿರ.

ನೀರಿನ ವ್ಯವಸ್ಥೆ ಕೆಟ್ಟಿದ್ದರೆ ಹೆದರಬೇಡಿ, ಇದೇ ಎಲ್ಲಕ್ಕಿಂತ ಅಗ್ಗದ ರಿಪೇರಿ. ಬೂದು ಬಣ್ಣದ ಪಾಲಿಬ್ಯೂಟಿಲೀನ್ ಪೈಪು ಇದ್ದರೆ ಕಿತ್ತು ಹೊಸದು ಹಾಕಿ, ಅಷ್ಟೇ. ಎಷ್ಟೋ ಹಳೆಯವಕ್ಕೆ ಕೊಳಚೆ ನೀರಿನ ಟ್ಯಾಂಕೇ ಇಲ್ಲ, ಸಿಂಕಿನ ನೀರು ಸೀದಾ ನೆಲಕ್ಕೆ. ಕ್ಯಾಂಪ್ ಮೈದಾನಗಳಲ್ಲಿ ಹಾಗೆ ಬಿಡುವಂತಿಲ್ಲ, ಚಕ್ರವಿರುವ ಟ್ಯಾಂಕೊಂದು ಕೊಳ್ಳಿ.

ನೆಲದಲ್ಲಿ 9 ಇಂಚು ಚೌಕದ ಹಳೇ ಟೈಲ್ ಇದ್ದರೆ ಕಲ್ನಾರು ಇರಬಹುದು. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಪರೀಕ್ಷೆ ಮಾಡಿಸದೆ ಉಜ್ಜುಕಾಗದ ಹಿಡಿಯಬೇಡಿ, ಮಕ್ಕಳಿರುವ ಮನೆಯಲ್ಲಂತೂ.

ಕಾಗದ ಪತ್ರ

ಇಲ್ಲಿ ಎಡವಿದರೆ ಎಷ್ಟು ಚೆಂದದ ಟ್ರೇಲರ್ ಆದರೂ ಹಿತ್ತಲ ಅಲಂಕಾರ. ಟೈಟಲ್‌ನಲ್ಲಿರುವ ಹೆಸರೂ ಮಾರುವವರ ಗುರುತು ಚೀಟಿಯೂ ಒಂದೇ ಇರಬೇಕು. ‘ತಾತನದು, ಅವರು ತೀರಿಕೊಂಡರು’ ಎಂದರೆ ವಾರಸಿನ ಕಾಗದ ಅವರೇ ಮಾಡಿಸಿ ಕೊಡಲಿ. ಕಾಗದದ ಮೇಲಿನ ಕ್ರಮಸಂಖ್ಯೆಯನ್ನು ಮೂಕಿಯ ಮೇಲೋ ಬಾಗಿಲ ಬಳಿಯ ತಗಡಿನ ಮೇಲೋ ಇರುವ ಸಂಖ್ಯೆಯೊಂದಿಗೆ ಅಂಕಿ ಅಂಕಿ ಹೋಲಿಸಿ. 17 ಅಂಕಿ ಇಲ್ಲ ಎಂದು ಗಾಬರಿ ಬೇಡ. ಆ ಪದ್ಧತಿ 1981ರಿಂದೀಚೆಗಿನದು. ಕೆಲವು ರಾಜ್ಯಗಳು ಹಗುರ ಅಥವಾ ತೀರ ಹಳೇ ಟ್ರೇಲರ್‌ಗೆ ಟೈಟಲ್ ಕೊಡುವುದೇ ಇಲ್ಲ. ಆಗ ಹಳೇ ನೋಂದಣಿ ಚೀಟಿ, ನೋಟರಿ ಮುಂದೆ ಮಾಡಿದ ಮಾರಾಟ ಪತ್ರ ಕೇಳಿ. ದುಡ್ಡು ಕೊಡುವ ಮೊದಲು ನಿಮ್ಮ ರಾಜ್ಯದ ಡಿಎಂವಿಗೆ (ವಾಹನ ನೋಂದಣಿ ಕಚೇರಿ) ಫೋನ್ ಮಾಡಿ, ಈ ಕಾಗದಗಳ ಮೇಲೆ ನೋಂದಣಿ ಆಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಅದೇ ದಿನ ನಿಮ್ಮ ಬಡಾವಣೆಯ ಸಂಘದ ನಿಯಮವನ್ನೂ ಓದಿ. ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಎಷ್ಟೋ ಕಡೆ ಬಿಡುವುದಿಲ್ಲ, ತಿಂಗಳ ಬಾಡಿಗೆಯ ಜಾಗ ನೋಡಬೇಕಾಗುತ್ತದೆ. ವಿಮೆ ಮಾಡಿಸುವಾಗ ‘ಒಪ್ಪಿದ ಮೌಲ್ಯ’ದ್ದು ಕೇಳಿ, ಸವಕಳಿ ಕಳೆದು ಕೊಡುವ ವಿಮೆಯಲ್ಲಿ ಹಳೇ ಟ್ರೇಲರ್‌ನ ಬೆಲೆ ಸೊನ್ನೆಗೆ ಹತ್ತಿರ.

ಚೌಕಾಸಿ

ಅದೇ ಮಾದರಿ ನಿಜಕ್ಕೂ ಎಷ್ಟಕ್ಕೆ ಮಾರಿಹೋಗಿದೆ ನೋಡಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬರೀ ಆಸೆ. ಸುಸ್ಥಿತಿಯದರ ಬೆಲೆಯಿಂದ ಟೈರು, ಆಕ್ಸಲ್, ವೈರಿಂಗ್, ನೆಲ, ಚಾವಣಿ ಎಂದು ಒಂದೊಂದೇ ಕಳೆಯುತ್ತಾ ಬನ್ನಿ, ಕೂಲಿಯನ್ನು ಅಂಗಡಿಯ ದರದಲ್ಲೇ ಹಾಕಿ. ‘ನಾವೇ ಶನಿವಾರ ಭಾನುವಾರ ಮಾಡಿಕೊಳ್ಳುತ್ತೇವೆ’ ಎಂದು ಕೂಲಿ ಬಿಟ್ಟವರ ಟ್ರೇಲರ್‌ಗಳೇ ಎರಡು ವರ್ಷದ ನಂತರ ‘ಅರ್ಧ ಕೆಲಸ ಮುಗಿದಿದೆ’ ಎಂದು ಮಾರಾಟಕ್ಕೆ ಬರುವುದು. ಬಿಡಿಭಾಗ ಎಣಿಸಿ: ಕಿಟಕಿಯ ತಿರುಗಣೆ, ದೀಪದ ಗಾಜು, ಒಲೆಯ ಗುಂಡಿ, ರೆಕ್ಕೆ. ಪ್ಲೈವುಡ್ ಎಲ್ಲಿ ಬೇಕಾದರೂ ಸಿಗುತ್ತದೆ, 1962ರ ಕಿಟಕಿ ಸಿಗುವುದಿಲ್ಲ.

ಚಾಸಿ ಬಿರಿದಿದ್ದು ಕಾಗದವೂ ಸರಿಯಿಲ್ಲದಿದ್ದರೆ ಬಿಟ್ಟಿ ಕೊಟ್ಟರೂ ಬೇಡ.

ಮನೆಗೆ ತರುವ ದಿನ

ಸಾಧ್ಯವಾದರೆ ಚಪ್ಪಟೆ ಲಾರಿಯ ಮೇಲೆ ತರಿಸಿ. ನೀವೇ ಎಳೆದು ತರುವುದಾದರೆ ಟ್ರೇಲರ್‌ನ ಮೂತಿಯ ಕಪ್ಲರ್ ಮೇಲೆ ಅಚ್ಚಾದ ಅಳತೆ ಓದಿ, ಅದು ಕೂರುವ ಹಿಚ್‌ನ ಬಾಲ್ ತನ್ನಿ. 1⅞, 2, 2 5/16 ಇಂಚು, ಮೂರು ಅಳತೆ ಇವೆ; ಚಿಕ್ಕ ಬಾಲ್ ಕೂತಂತೆ ಕಂಡು ಮೊದಲ ಉಬ್ಬಿನಲ್ಲೇ ಕಳಚುತ್ತದೆ. ಸರಪಳಿಗಳನ್ನು ಮೂಕಿಯಡಿ ಅಡ್ಡಡ್ಡ ದಾಟಿಸಿ ಕಟ್ಟಿ, ಮೂತಿ ಕಳಚಿದರೂ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ಬೇರಿಂಗ್‌ಗೆ ಹೊಸ ಗ್ರೀಸ್, ಹೊಸ ಟೈರು ಅಲ್ಲೇ ಹಾಕಿಸಿ. ದೀಪದ ಸಾಲು ಕೆಲಸ ಮಾಡದಿದ್ದರೆ ಆಯಸ್ಕಾಂತದ ದೀಪ ಸಿಗುತ್ತದೆ, ಆದರೆ ಅಲ್ಯೂಮಿನಿಯಂಗೆ ಅಂಟುವುದಿಲ್ಲ ಎಂದು ಅಲ್ಲಿ ಹೋದ ಮೇಲೆ ನೆನಪಾಗುತ್ತದೆ. ಬಂಪರ್‌ಗೆ ಕಟ್ಟುವ ಪಟ್ಟಿ ಒಯ್ಯಿರಿ. ಕಿಟಕಿ, ಗವಾಕ್ಷಿ, ಬಾಗಿಲಿಗೆ ಟೇಪು ಸುತ್ತಿ. 10, 25, 50 ಮೈಲಿಗೆ ನಿಲ್ಲಿಸಿ ಚಕ್ರದ ನಟ್ಟು ಬಿಗಿ ಮಾಡಿ, ಚಕ್ರದ ನಡುಗುಂಬ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕಚ್ಚಿದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ 55 ಮೈಲಿ ಮಿತಿ. ಮೊದಲ ದಿನ ಎಲ್ಲಿದ್ದರೂ ಅದನ್ನೇ ಪಾಲಿಸಿ.

ಮೊದಲ ವಾರ ಪೈಪು ಹಿಡಿದು ನೀರಿನ ಪರೀಕ್ಷೆ. ಒಬ್ಬರು ದೀಪ ಹಿಡಿದು ಒಳಗೆ, ಒಬ್ಬರು ಹೊರಗೆ. ಕೆಳಗಿನಿಂದ ಶುರುಮಾಡಿ, ಒಂದೊಂದು ಎತ್ತರಕ್ಕೆ 10 ನಿಮಿಷ ನೀರು ಬಿಟ್ಟು ಮೇಲೇರುತ್ತಾ ಹೋಗಿ: ಮೊದಲು ನೆಲದಂಚು, ಆಮೇಲೆ ಕಿಟಕಿ, ಆಮೇಲೆ ದೀಪಗಳು, ಕೊನೆಗೆ ಚಾವಣಿ. ಮೇಲಿಂದ ಶುರುಮಾಡಿದರೆ ಎಲ್ಲ ಕಡೆ ಒಟ್ಟಿಗೆ ಒದ್ದೆಯಾಗಿ ಯಾವ ತೂತು ಎಂದೇ ತಿಳಿಯದು. ಸೋರಿದ ಜಾಗದ ಪಟ್ಟಿ ಬಿಚ್ಚಿ, ಹಳೇ ಪುಟ್ಟಿ ಪ್ಲಾಸ್ಟಿಕ್ ಕೆರೆಯುವ ಹಲಗೆಯಿಂದ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಬ್ಯೂಟೈಲ್ ಎಂಬ ಅಂಟು ರಬ್ಬರಿನ ಟೇಪ್ ಹಾಕಿ, ಒಂದು ಸೈಜ್ ದಪ್ಪದ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿ, ಬ್ಯೂಟೈಲ್ ಅಷ್ಟರಲ್ಲಿ ಹಿಂಡಿಕೊಂಡು ಸ್ಕ್ರೂ ಸಡಿಲವಾಗಿರುತ್ತದೆ. ಅಂಚಿನಿಂದ ಹೊರಬಂದದ್ದನ್ನು ಕತ್ತರಿಸಿ, ಒಂದು ಒಳ್ಳೇ ಮಳೆ ಬರಲಿ. ಮರುದಿನ ಹಿಂಬದಿಯ ಬೆಂಚು ಎತ್ತಿ, ಆ ಮೂಲೆಗೇ ಮತ್ತೆ ತೇವಮಾಪಕದ ಮುಳ್ಳು ಚುಚ್ಚಿ. ಹನ್ನೆರಡರ ಕೆಳಗೆ ತೋರಿಸಿದರೆ ಪರದೆಗೆ ಬಟ್ಟೆ ಆಯ್ದುಕೊಳ್ಳಬಹುದು.